ಕೀಲಿ ಭದ್ರ, ಚೀಟಿ?

ಹಾರ್ಡ್‌ವೇರ್ ವಾಲೆಟ್ ತಂದು ತಿಜೋರಿಯಲ್ಲಿಟ್ಟರೆ ಕ್ರಿಪ್ಟೊ ಭದ್ರ ಎಂದು ನಂಬಿದವರು ಎರಡು ದಿನಾಂಕಗಳನ್ನು ನೆನಪಿಟ್ಟುಕೊಳ್ಳಬೇಕು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಕಂಪನಿಯ ಹೇಳಿಕೆಯ ಪ್ರಕಾರ, ಸಹಿ ಹಾಕುವ ಅದರ ಸಿಬ್ಬಂದಿಯ ಕೈಯಲ್ಲಿ ಇದ್ದದ್ದು ಹಾರ್ಡ್‌ವೇರ್ ವಾಲೆಟ್‌ಗಳೇ. 2025ರ ಫೆಬ್ರುವರಿ 21ರಂದು ಬೈಬಿಟ್ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಹೋಯಿತು. ಅಲ್ಲಿಯೂ ಸಹಿಗೆ ಬೇಕಾದ, ಸಾಧನದೊಳಗಿನ ಗುಟ್ಟಿನ ಕೀಲಿಯನ್ನು ಯಾರೂ ಹೊರತೆಗೆಯಲಿಲ್ಲ. ಕಂಪ್ಯೂಟರ್ ತೋರಿಸಿದ್ದು ಒಂದು ವ್ಯವಹಾರ, ಸಹಿ ಬಿದ್ದದ್ದು ಇನ್ನೊಂದಕ್ಕೆ.

ಹಾಗೆಂದು ಈ ಸಾಧನ ಕೆಟ್ಟದ್ದಲ್ಲ. 2014ರಲ್ಲಿ ಪ್ರಾಗ್‌ನಿಂದ ಟ್ರೆಜರ್ ಎಂಬ ವಾಲೆಟ್ ಮಾರುಕಟ್ಟೆಗೆ ಬಂದಾಗ ಅದರ ಹಿಂದಿದ್ದ ವಿಚಾರ ಇಂದಿಗೂ ಗಟ್ಟಿಯಾಗಿದೆ. ಕೀಲಿ ಸಾಧನದ ಒಳಗೇ ಹುಟ್ಟುತ್ತದೆ, ಹೊರಗೆ ಬರುವುದಿಲ್ಲ. ಫೋನು ಅಥವಾ ಕಂಪ್ಯೂಟರು ವ್ಯವಹಾರದ ವಿವರವನ್ನಷ್ಟೇ ಒಳಗೆ ಕಳಿಸುತ್ತದೆ. ಸಾಧನ ವಿಳಾಸವನ್ನೂ ಮೊತ್ತವನ್ನೂ ತನ್ನ ಪುಟ್ಟ ಪರದೆಯ ಮೇಲೆ ತೋರಿಸಿ, ನೀವು ಗುಂಡಿ ಒತ್ತಿದ ಮೇಲೆ ಸಹಿಯನ್ನು ಮಾತ್ರ ಹೊರಗೆ ಕೊಡುತ್ತದೆ. ಫೋನಿಗೆ ವೈರಸ್ ಹೊಕ್ಕಿದ್ದರೂ, ನೀವು ಕಾಪಿ ಮಾಡಿದ ವಿಳಾಸವನ್ನು ಅದು ಗುಟ್ಟಾಗಿ ಬದಲಿಸಿದ್ದರೂ, ಆ ಪರದೆ ಸುಳ್ಳು ಹೇಳುವುದು ಬಹಳ ಕಷ್ಟ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಸಿಗುವ ಬೆಲೆಬಾಳುವ ಭಾಗ ಆ ಪರದೆಯೇ. ಅದನ್ನು ಓದದೆ ಗುಂಡಿ ಒತ್ತುವವನಿಗೆ ಇಡೀ ಸಾಧನ ವ್ಯರ್ಥ. ಯಾವುದಕ್ಕೆ ಸಹಿ ಹಾಕುತ್ತಿದ್ದೀರಿ ಎಂಬುದನ್ನು ಪರದೆ ಅರ್ಥವಾಗುವಂತೆ ತೋರಿಸದಿದ್ದರೆ ಸಹಿ ಹಾಕಲೇಬಾರದು. ಹೊಸ ವಿಳಾಸಕ್ಕೆ ಮೊದಲು ಸಣ್ಣ ಮೊತ್ತ ಕಳಿಸಿ, ತಲುಪಿದ್ದನ್ನು ನೋಡಿ, ಆಮೇಲೆ ಉಳಿದದ್ದು.

ಕೊಳ್ಳುವ ಹಂತದಲ್ಲೇ ಎಡವುವವರಿದ್ದಾರೆ. ತಯಾರಕರಿಂದಲೇ ತರಿಸಬೇಕು, ಯಾರೋ ಬಳಸಿಬಿಟ್ಟದ್ದು ಬೇಡವೇ ಬೇಡ. ವಾಲೆಟ್ಟನ್ನು ಮರಳಿ ಕಟ್ಟಲು ಬೇಕಾಗುವ ಗುಟ್ಟಿನ ಪದಗಳು ಪೆಟ್ಟಿಗೆಯೊಳಗೆ ಮೊದಲೇ ಮುದ್ರಣವಾಗಿ ಬಂದಿದ್ದರೆ ಅದು ಬಲೆ. ಪಿನ್ ಮತ್ತು ಪದಗಳು ನಿಮ್ಮ ಕಣ್ಣೆದುರೇ ಹುಟ್ಟಬೇಕು. 2020ರಲ್ಲಿ ಇಂಥ ಸಾಧನ ತಯಾರಿಸುವ ಲೆಜರ್ ಕಂಪನಿಯ ಗ್ರಾಹಕರ ಪಟ್ಟಿ ಸೋರಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಹೆಸರು, ಮನೆ ವಿಳಾಸ, ಫೋನ್ ನಂಬರುಗಳು ಬಯಲಾದವು. ಮರುವರ್ಷ ಅಂಥ ಕೆಲವರ ಮನೆಗೆ ನಕಲಿ ಸಾಧನಗಳೇ ಅಂಚೆಯಲ್ಲಿ ಬಂದವು. ಬೆಳಗಾವಿಯ ಗಲ್ಲಿಗಳಲ್ಲಿ ಯಾರ ಮನೆಗೆ ಯಾವ ಪಾರ್ಸಲ್ ಬಂತು ಎಂಬುದು ಪಕ್ಕದ ಮನೆಗೆ ಗೊತ್ತಾಗಲು ಹೊತ್ತು ಬೇಕಿಲ್ಲ. ಇಂಥ ಸಾಧನ ತನ್ನ ಬಳಿ ಇದೆ ಎಂದು ಹೇಳಿಕೊಂಡು ತಿರುಗದಿರುವುದೂ ಭದ್ರತೆಯೇ.

ಇನ್ನು ಪದಗಳು. ಸಾಧನ ಮೊದಲ ಸಲ ಚಾಲೂ ಆದಾಗ ಸಾಮಾನ್ಯವಾಗಿ 12 ಅಥವಾ 24 ಪದಗಳನ್ನು ಒಂದೊಂದಾಗಿ ತೋರಿಸುತ್ತದೆ. ಸಾಧನ ಕಳೆದರೂ, ಸುಟ್ಟರೂ, ಆ ಪದಗಳಿದ್ದವನಿಗೆ ಹಣ ಸಿಗುತ್ತದೆ. ಪದಗಳು ಹೋದರೆ, ಸಾಧನ ಕೆಟ್ಟ ದಿನ ಎಲ್ಲ ಹೋಯಿತು. 2013ರ ಬಿಪ್-39 ಎಂಬ ಮಾನದಂಡ ಈ ಪದಗಳನ್ನು 2,048 ಪದಗಳ ಪಟ್ಟಿಯಿಂದ ಆರಿಸುತ್ತದೆ. ಜಪಾನಿ, ಕೊರಿಯನ್, ಚೆಕ್ ಭಾಷೆಯ ಪಟ್ಟಿಗಳೂ ಅದರಲ್ಲಿವೆ. ಭಾರತದ ಒಂದು ಭಾಷೆಯೂ ಇಲ್ಲ. ಹಾಗಾಗಿ ಇಂಗ್ಲಿಷ್ ಸಲೀಸಾಗಿ ಬಾರದವರು ಕೇಳಿದ್ದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬರೆದಿಟ್ಟುಕೊಳ್ಳುವುದು ಸಹಜ. ಅಲ್ಲೇ ಅಪಾಯ. ಆ ಪಟ್ಟಿಯಲ್ಲಿ ‘ಸರಿ’ ಎಂಬರ್ಥದ ರೈಟ್ ಇದೆ, ‘ಬರೆ’ ಎಂಬರ್ಥದ ರೈಟ್ ಕೂಡ ಇದೆ. ಶಾಂತಿಯ ಪೀಸ್ ಇದೆ, ತುಂಡಿನ ಪೀಸ್ ಇದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ತಿಳಿದವನು ಎರಡನ್ನೂ ಹಾಕಿ ನೋಡಿ ದಾರಿ ಹುಡುಕಿಯಾನು, ಆದರೆ ಹತ್ತು ವರ್ಷದ ಮೇಲೆ ಅಪ್ಪನ ಚೀಟಿ ಬಿಚ್ಚುವ ಮಗಳಿಗೆ ಅದು ಹೇಗೆ ಹೊಳೆಯಬೇಕು? ಇಂಗ್ಲಿಷ್ ಅಕ್ಷರದಲ್ಲೇ, ಕ್ರಮಸಂಖ್ಯೆ ಹಾಕಿಯೇ ಬರೆಯಬೇಕು. ಪಟ್ಟಿ ಮಾಡಿದವರ ಒಂದು ಜಾಣತನವನ್ನು ಮೆಚ್ಚಲೇಬೇಕು: ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಅಲ್ಲ. ನಾಲ್ಕಕ್ಷರ ಸರಿಯಿದ್ದರೆ ಪದ ಸಿಕ್ಕಂತೆ.

ಈ ನಾಲ್ಕಕ್ಷರದ ಉಪಯೋಗ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಇನ್ನೂ ಹೆಚ್ಚು. ಕಣಕುಂಬಿ, ಲೋಂಡಾ ಕಡೆಯ ಮಳೆಗಾಲದಲ್ಲಿ ಹಂಚಿನ ಮನೆಯ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಸಾಧನದ ಜೊತೆ ಬರುವ ದಪ್ಪ ಕಾಗದದ ಕಾರ್ಡು ಅಲ್ಲಿ ಎಷ್ಟು ಮಳೆಗಾಲ ಉಳಿದೀತು? ಗೆದ್ದಲಿನ ಮಾತು ಬೇರೆ. ಕಂಪನಿಗಳು ಇದಕ್ಕೆಂದೇ ದುಬಾರಿ ಸ್ಟೀಲ್ ಫಲಕ ಮಾರುತ್ತವೆ. ಬೆಳಗಾವಿಯವರಿಗೆ ಅದರ ಅಗತ್ಯವಿಲ್ಲ. ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶ ಇರುವ ಊರಿನಲ್ಲಿ ಸ್ಟೇನ್‌ಲೆಸ್ ತಗಡಿನ ತುಂಡಿಗೆ ಬರವೇ? ಅಕ್ಷರದ ಪಂಚ್ ಸೆಟ್ ಒಂದನ್ನು ಕೊಂಡು, ತಗಡನ್ನು ಗಟ್ಟಿ ನೆಲದ ಮೇಲಿಟ್ಟು, ಸುತ್ತಿಗೆಯಿಂದ ಒಂದೊಂದೇ ಅಕ್ಷರ ಒತ್ತಬೇಕು. ಪದಕ್ಕೆ ಮೊದಲ ನಾಲ್ಕಕ್ಷರದಂತೆ 24 ಪದಕ್ಕೆ ಹೆಚ್ಚೆಂದರೆ 96 ಅಕ್ಷರ. ಮನೆಯಲ್ಲಿ, ಸ್ವಂತ ಕೈಯಿಂದ. ವರ್ಕ್‌ಶಾಪಿನವರ ಕೈಗೆ ಪದಗಳ ಪಟ್ಟಿ ಕೊಟ್ಟು ‘ಹೊಡೆದುಕೊಡಿ’ ಎಂದರೆ ಹಣದ ಕೀಲಿಯನ್ನೇ ಕೊಟ್ಟ ಹಾಗೆ. ಫೋಟೊ ಅಂತೂ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳುವುದೂ ಬೇಡ.

ಸಾಧನ ತಡೆಯಲಾರದ ಇನ್ನೊಂದು ಕೇಡಿದೆ, ಅದರ ಬಗ್ಗೆ ಬರೆಯುವುದು ನೋವಿನ ಕೆಲಸ. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ, ಪೊಲೀಸರೆಂದು ಹೇಳಿಕೊಂಡ ವಂಚಕರ ಕರೆಗಳಿಗೆ ಸಿಕ್ಕು, 50 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡು ಪ್ರಾಣವನ್ನೇ ಬಿಟ್ಟರು. ಅದು ಕ್ರಿಪ್ಟೊ ಪ್ರಕರಣವಲ್ಲ. ಆದರೆ ಫೋನಿನಲ್ಲಿ ಗದರಿಸಿ ಹಣ ತೆಗೆಸುವವನಿಗೆ ಪದಗಳನ್ನು ಓದಿಸುವುದು ಎಷ್ಟರ ಕೆಲಸ? ಬ್ಯಾಂಕಿನಿಂದ ಹೋದ ಹಣಕ್ಕಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ ತಡೆ ಬೀಳುವ ಸಾಧ್ಯತೆ ಇದೆ. ಸ್ವಂತ ವಾಲೆಟ್‌ನಿಂದ ಹೋದ ಬಿಟ್‌ಕಾಯಿನ್‌ನ ದಾರಿಯಲ್ಲಿ ತಡೆಯುವ ಮ್ಯಾನೇಜರ್ ಯಾರೂ ಇಲ್ಲ. ಆ 24 ಪದಗಳನ್ನು ಪೊಲೀಸರು ಫೋನಿನಲ್ಲಿ ಕೇಳುವುದಿಲ್ಲ, ಕಂಪನಿಯೂ ಕೇಳುವುದಿಲ್ಲ. ಯಾರೇ ಕೇಳಲಿ, ಅವರು ಕಳ್ಳರು. ಈ ಒಂದು ಮಾತು ಅಪ್ಪ-ಅವ್ವನಿಗೆ, ಅಜ್ಜ-ಅಜ್ಜಿಗೆ ಬಾಯಿಪಾಠ ಆಗುವವರೆಗೆ ಮನೆಗೆ ಈ ಸಾಧನ ತರಬಾರದು ಎಂಬಷ್ಟರ ಮಟ್ಟಿಗೆ ನಾನು ಕಟ್ಟುನಿಟ್ಟು.

ವಾರಸುದಾರರ ವಿಷಯದಲ್ಲಿ ತಯಾರಕರ ಮೇಲೆ ನನಗೆ ನಿಜವಾದ ತಕರಾರಿದೆ. ಬ್ಯಾಂಕಿನ ಪಾಸ್‌ಬುಕ್ಕಿಗೆ ನಾಮಿನಿ ಇದ್ದಾರೆ, ಎಲ್‌ಐಸಿ ಪಾಲಿಸಿಗೆ ಇದ್ದಾರೆ. ಇಲ್ಲಿ ಯಜಮಾನ ತೀರಿಕೊಂಡರೆ ಉಳಿಯುವುದು ಅರ್ಥವಾಗದ ತಗಡು. 2023ರಲ್ಲಿ ಲೆಜರ್ ತಂದ ‘ರಿಕವರ್’ ಸೇವೆ ಗುಟ್ಟನ್ನು ಮೂರು ಪಾಲು ಮಾಡಿ ಬೇರೆ ಬೇರೆ ಕಂಪನಿಗಳ ಬಳಿ ಇಡುತ್ತದೆ. ಕೀಲಿ ಹೊರಬರುವುದಿಲ್ಲ ಎಂದು ನಂಬಿ ಕೊಂಡವರು ಸಿಟ್ಟಾದದ್ದು ನ್ಯಾಯ. ಇದಕ್ಕಿಂತ ಮನೆಯ ದಾರಿಯೇ ಮೇಲು. ಹಣ ತುಂಬುವ ಮೊದಲೇ ಸಾಧನವನ್ನು ಪೂರ್ತಿ ಅಳಿಸಿ, ಹೆಂಡತಿಯೋ ಮಗನೋ ತಗಡು ನೋಡಿಕೊಂಡು ತಾವೇ ಮತ್ತೆ ಕಟ್ಟಲಿ. ಬಾಯಿ ಹಾಕದೆ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ತಡವರಿಸಿದರೋ ಆ ಹಂತವನ್ನು ಕನ್ನಡದಲ್ಲಿ ಬಿಡಿಸಿ ಬರೆದು, ಆ ಹಾಳೆಯನ್ನು ತಗಡಿನಿಂದ ದೂರ ಬೇರೆ ಕಡೆ ಇಡಿ. ಅದರಲ್ಲಿ ಪದಗಳಾಗಲಿ, ಪಿನ್ ಆಗಲಿ ಇರಕೂಡದು. ಹಳೆಯ ವಿಳಾಸಗಳೇ ಮತ್ತೆ ಕಾಣಿಸಿಕೊಂಡ ಮೇಲಷ್ಟೇ ಎಕ್ಸ್‌ಚೇಂಜಿನಿಂದ ಮೊದಲ ಕಂತನ್ನು ಕಳಿಸಿ.