ಚಿಕ್ಕ ಹಡಗು, ದೊಡ್ಡ ಮಕ್ಕಳು

ಹಡಗು ಪ್ರವಾಸದ ಬ್ರೋಷರುಗಳನ್ನು ಒಮ್ಮೆ ನಿಧಾನಕ್ಕೆ ನೋಡಿ. ಈಜುಕೊಳದಲ್ಲಿ ಬಣ್ಣಬಣ್ಣದ ಟ್ಯೂಬು ಹಾಕಿಕೊಂಡ ಪುಟ್ಟ ಮಕ್ಕಳಿರುತ್ತಾರೆ. ಡೆಕ್ಕಿನ ಕಂಬಿಗೆ ಒರಗಿ ಸೂರ್ಯಾಸ್ತ ನೋಡುವ ಹೊಸ ಜೋಡಿ ಇರುತ್ತದೆ. ಬಿಳಿ ಟೋಪಿಯ ಅಜ್ಜ ಅಜ್ಜಿ ಇರುತ್ತಾರೆ. ಆದರೆ ಮೀಸೆ ಚಿಗುರುತ್ತಿರುವ, ಅಪ್ಪ ಮೂರು ಸಲ ಕರೆದರೂ ಮೊಬೈಲಿನಿಂದ ತಲೆ ಎತ್ತದ ಹದಿನಾರರ ಹುಡುಗ ನಾನು ನೋಡಿದ ಯಾವ ಬ್ರೋಷರಿನಲ್ಲೂ ಇಲ್ಲ. 'ಇಡೀ ಕುಟುಂಬಕ್ಕಾಗಿ' ಅಂತ ದಪ್ಪ ಅಕ್ಷರದಲ್ಲಿ ಬರೆದವರಿಗೆ ಕುಟುಂಬದಲ್ಲಿ ಇಂಥವನೂ ಒಬ್ಬ ಇರ್ತಾನೆ ಅನ್ನೋದೇ ಮರೆತುಹೋಗಿದೆ.

ಇದನ್ನೆಲ್ಲ ಓದುವ ಕೆಲಸ ನನಗೆ ಬಂದದ್ದು ಅಕ್ಕನಿಂದ. ಕಡಬದ ಹತ್ತಿರ ಅವಳ ಮನೆ, ಅಡಿಕೆ ತೋಟ, ಸ್ವಲ್ಪ ರಬ್ಬರು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಎದುರು ಕೂತವನಿಗೆ ಎಲ್ಲ ಬುಕಿಂಗೂ ಗೊತ್ತಿರ್ತದೆ ಅಂತ ಊರಲ್ಲೊಂದು ನಂಬಿಕೆ. "ತೀರಾ ದೊಡ್ಡ ಹಡಗು ಬೇಡ ಮಾರಾಯ, ಸಣ್ಣದು ಯಾವುದಾದರೂ ಉಂಟಾ ನೋಡು. ಇವ ಹಾಸ್ಟೆಲಿಗೆ ಹೋದ ಮೇಲೆ ನಾಲ್ಕು ಜನ ಒಟ್ಟಿಗೆ ಸಿಕ್ಕುವುದು ಯಾವಾಗ?" ಅಂದಳು.

ಪುತ್ತೂರು, ಸುಳ್ಯ, ಕಡಬದವರಿಗೆ ಈ ಪ್ರಶ್ನೆಯ ಭಾರ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತೆಂದರೆ ಮಕ್ಕಳು ಮನೆಯಿಂದ ಹೊರಟ ಹಾಗೆಯೇ. ಪಿಯುಸಿಗೆ ಮಂಗಳೂರೋ ಮೂಡುಬಿದಿರೆಯೋ, ಆಮೇಲೆ ಇಂಜಿನಿಯರಿಂಗು, ಆಮೇಲೆ ಬೆಂಗಳೂರು. ನಾವೆಲ್ಲ ಹಾಗೇ ಬಂದವರಲ್ಲವೇ? ಮತ್ತೆ ಮನೆಗೆ ಹೋಗುವುದು ರಜೆಗೆ, ನೆಂಟರ ಹಾಗೆ. ಅಂದರೆ ಏಪ್ರಿಲ್ಲಿನಿಂದ ಮಳೆ ಹಿಡಿಯುವವರೆಗಿನ ಆರೇಳು ವಾರ ಒಂದು ಕುಟುಂಬ ಕುಟುಂಬವಾಗಿ ಬದುಕುವ ಕೊನೆಯ ದಿನಗಳು. ಆಯ್ಕೆ ಕೆಟ್ಟರೆ ಹೋಗುವುದು ದುಡ್ಡು ಮಾತ್ರ ಅಲ್ಲ.

'ಸಣ್ಣ ಹಡಗು' ಎಂಬ ಮಾತನ್ನೇ ಮೊದಲು ಬಿಡಿಸಿ ನೋಡೋಣ. 2024ರಲ್ಲಿ ಪ್ರಯಾಣ ಶುರುಮಾಡಿದ 'ಐಕಾನ್ ಆಫ್ ದ ಸೀಸ್' ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. 2021ರಲ್ಲಿ ಮುಂಬೈಯಿಂದ ಕಾರ್ಡೇಲಿಯಾ ಕಂಪನಿ ಹೊರಡಿಸಿದ 'ಎಂಪ್ರೆಸ್' ಅದರ ಎದುರು ಸಣ್ಣದೇ. 1990ರ ಹಡಗು ಅದು, ಆದರೂ ಸಾವಿರದ ಐನೂರಕ್ಕಿಂತ ಹೆಚ್ಚು ಜನ ಹಿಡಿಸ್ತದೆ. ನಮ್ಮೂರ ಜಾತ್ರೆಯ ಅಂಗಡಿಸಾಲು ನೀರಿಗಿಳಿದ ಹಾಗೆ. ಇನ್ನೊಂದು ತುದಿಗೆ 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ 'ಗಂಗಾ ವಿಲಾಸ್'. 18 ಕೋಣೆ, 36 ಪ್ರಯಾಣಿಕರು, 51 ದಿನ, ಸುಮಾರು 3,200 ಕಿಲೋಮೀಟರು. ಸಣ್ಣದು ಹೌದು. ಆದರೆ ಐವತ್ತೊಂದು ದಿನ ನಿವೃತ್ತರ ನಡುವೆ ಕೂತು ನದಿ ನೋಡು ಅಂತ ಹದಿನಾರರ ಹುಡುಗನಿಗೆ ಹೇಳಿದರೆ ಅವನು ಪಾಟ್ನಾದಲ್ಲೇ ಇಳಿದು ರೈಲು ಹತ್ತಿಯಾನು.

ಹಾಗಾಗಿ ತಲೆ ಎಣಿಸಿ ಹಡಗು ಆರಿಸಲಿಕ್ಕೆ ಆಗುವುದಿಲ್ಲ. ಸಣ್ಣ ಹಡಗಿನ ನಿಜವಾದ ಲಾಭ ಬೇರೆಯೇ ಉಂಟು. ಅಂಟಾರ್ಕ್ಟಿಕಾದ ನಿಯಮ ನೋಡಿ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಅಲ್ಲಿ ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ, ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ಇಳಿಯುವಂತೆಯೂ ಇಲ್ಲ. ಹಡಗು ದೊಡ್ಡದಾದಷ್ಟೂ ಊರು ದೂರ ಆಗ್ತದೆ, ಹಡಗೇ ಊರಾಗ್ತದೆ. ಸಣ್ಣದಾದರೆ ಇಳಿಯಲಿಕ್ಕೆ ಸಿಗ್ತದೆ. ಬೆಳೆದ ಮಕ್ಕಳಿರುವ ಮನೆಯವರು ಮೊದಲು ಕೇಳಬೇಕಾದದ್ದು ಇದನ್ನೇ: ದಿನಕ್ಕೆ ಎಷ್ಟು ಗಂಟೆ ಹಡಗಿನ ಹೊರಗೆ ಇರ್ತೇವೆ?

ದೊಡ್ಡ ಹಡಗಿನ ಕನಸು ನಮ್ಮ ತಲೆಮಾರಿಗೆ ಹತ್ತಿದ್ದು ಸಿನಿಮಾದಿಂದ. ಜೋಯಾ ಅಖ್ತರ್ ಅವರ 'ದಿಲ್ ಧಡಕ್‌ನೇ ದೋ' (2015) ನೆನಪಿರಬಹುದು. ದಿಲ್ಲಿಯ ಶ್ರೀಮಂತ ದಂಪತಿ ಮದುವೆಯ ಮೂವತ್ತನೇ ವರ್ಷಕ್ಕೆ ನೆಂಟರಿಷ್ಟರನ್ನೆಲ್ಲ ಹಡಗು ಹತ್ತಿಸ್ತಾರೆ. ಕಂಪನಿ ಮುಳುಗುತ್ತಿದೆ, ಗಂಡ ಹೆಂಡತಿ ನಡುವೆ ಸರಿಯಿಲ್ಲ, ಮಗಳ ಮಾತು ಯಾರೂ ಕೇಳೋದಿಲ್ಲ, ಮಗನಿಗೆ ವ್ಯಾಪಾರ ಬೇಡ. ಇದನ್ನೆಲ್ಲ ನಮಗೆ ಹೇಳುವುದು ಮನೆಯ ನಾಯಿ. ನಾವು ನೋಡಿ ಬಂದದ್ದು ಡೆಕ್ಕು, ಬಟ್ಟೆ, ಟರ್ಕಿಯ ನೀಲಿ ನೀರು. ಆದರೆ ಸಿನಿಮಾ ಹೇಳಿದ್ದು ತದ್ವಿರುದ್ಧ. ಅಷ್ಟು ದೊಡ್ಡ ಹಡಗಿನಲ್ಲಿ ಆ ನಾಲ್ವರು ಒಬ್ಬರಿಗೊಬ್ಬರು ಸಿಕ್ಕುವುದೇ ಇಲ್ಲ. ತಪ್ಪಿಸಿಕೊಳ್ಳಲಿಕ್ಕೆ ಬೇಕಾದಷ್ಟು ಮೂಲೆಗಳಿವೆ. ಕೊನೆಗೆ ಮಗ ನೀರಿಗೆ ಹಾರಿದ ಮೇಲೆ, ಅವನನ್ನು ಎತ್ತಿಕೊಳ್ಳಲು ಉಳಿದವರು ಒಂದು ಲೈಫ್‌ಬೋಟು ಹತ್ತಿದ ಮೇಲೆ ಅವರು ಕುಟುಂಬವಾಗ್ತಾರೆ. ಹಣ ಕೊಟ್ಟು ಹತ್ತಿದ ಹಡಗು ಮಾಡದ ಕೆಲಸವನ್ನು ಅದರ ಪಕ್ಕಕ್ಕೆ ಕಟ್ಟಿದ ಸಣ್ಣ ದೋಣಿ ಮಾಡ್ತದೆ. ಯಾಕೆಂದರೆ ಆ ದೋಣಿಯಲ್ಲಿ ಅವರು ಅತಿಥಿಗಳಲ್ಲ. ಅಲ್ಲಿ ಅವರಿಗೆ ಮಾಡಲಿಕ್ಕೆ ಒಂದು ಕೆಲಸ ಇತ್ತು.

ಹಾಗಾದರೆ ಎಲ್ಲಕ್ಕಿಂತ ಸಣ್ಣದನ್ನೇ ಹಿಡಿದರಾಯಿತಲ್ಲ, ಹೌಸ್‌ಬೋಟು? ನಮ್ಮವರಿಗೆ ಹತ್ತಿರದ್ದೂ ಅದೇ. ಸುಳ್ಯದಿಂದ ಪಾಣತ್ತೂರಿನ ಮೇಲೆ ಇಳಿದರೆ ಕಾಞಂಗಾಡು, ಅಲ್ಲಿಂದ ಮುಂದೆ ನೀಲೇಶ್ವರ, ಇನ್ನೂ ದಕ್ಷಿಣಕ್ಕೆ ವಲಿಯಪರಂಬದ ಹಿನ್ನೀರು. ಕಳೆದ ವರ್ಷ ಅಕ್ಕನ ಮನೆಯವರ ಜೊತೆ ನಾನೂ ಆ ಕಡೆ ಒಂದು ರಾತ್ರಿಯ ದೋಣಿ ಹತ್ತಿದ್ದೆ. ಮೀನು ಊಟ ಚೆನ್ನಾಗಿತ್ತು, ಗಾಳಿ ಚೆನ್ನಾಗಿತ್ತು. ಭಾವ ಕುರ್ಚಿಯಲ್ಲೇ ನಿದ್ದೆ ಹೋದರು. ಸಂಜೆಯಾಗುತ್ತಲೇ ದೋಣಿಯನ್ನು ದಡಕ್ಕೆ ಕಟ್ಟಿದರು. ಕೇರಳದ ಹಿನ್ನೀರಿನಲ್ಲಿ ಇದೇ ಕ್ರಮ, ರಾತ್ರಿ ನೀರು ಬಲೆಯವರದ್ದು. ಅದು ನ್ಯಾಯವೇ. ಆದರೆ ಆ ಹೊತ್ತಿನಿಂದ ಮರುದಿನ ಬೆಳಗಿನವರೆಗೆ ಅದು ದೋಣಿಯಲ್ಲ, ಎರಡು ಕೋಣೆಯ ಒಂದು ಮನೆ. ಅಂಗಳ ಇಲ್ಲದ ಮನೆ. ದೊಡ್ಡ ಹಡಗಿನಲ್ಲಿ ತಪ್ಪಿಸಿಕೊಳ್ಳಲಿಕ್ಕೆ ಮೂಲೆ ಜಾಸ್ತಿ ಅಂದೆನಲ್ಲ, ಇಲ್ಲಿ ಒಂದೂ ಇಲ್ಲ. ಇದ್ದ ಒಂದೇ ಮೂಲೆ ಮೊಬೈಲು. ಅಳಿಯ ಅದರೊಳಗೆ ಹೋಗಿ ಕೂತ. ತಪ್ಪು ಅವನದ್ದಲ್ಲ. ಬಾಗಿಲು ಹಾಕಿಕೊಳ್ಳುವ ವಯಸ್ಸಿನವನಿಗೆ ಬಾಗಿಲಿಲ್ಲದ ಜಾಗ ತೋರಿಸಿ 'ಎಷ್ಟು ಆತ್ಮೀಯ' ಅಂದರೆ ಅವನು ಎಂತ ಮಾಡಬೇಕು?

ಆ ಪ್ರವಾಸದಲ್ಲಿ ಮಕ್ಕಳ ಮುಖ ಅರಳಿದ್ದು ಯೋಜನೆಯಲ್ಲಿ ಇಲ್ಲದ ಅರ್ಧ ಗಂಟೆ. ನೀರಿನ ನಡುವೆ ಸಾಲಾಗಿ ಬಿದಿರ ಕಂಬ ಊರಿದ್ದು ಕಂಡು ಸೊಸೆ ಅದೇನು ಅಂತ ಕೇಳಿದಳು. ಪಚ್ಚಿಲೆ ಕೃಷಿ. ಕಂಬದಿಂದ ಕಂಬಕ್ಕೆ ಕಟ್ಟಿದ ಬಿದಿರಿನಿಂದ ಹಗ್ಗ ಇಳಿಬಿಟ್ಟು, ಆ ಹಗ್ಗದಲ್ಲಿ ಪಚ್ಚಿಲೆ ಬೆಳೆಸ್ತಾರೆ. ಪಡನ್ನ, ವಲಿಯಪರಂಬದ ಹೆಂಗಸರಿಗೆ ಇದೊಂದು ಆದಾಯ. ದೋಣಿಯವರು ನಿಲ್ಲಿಸಿ ಒಂದು ಹಗ್ಗ ಎತ್ತಿಸಿ ತೋರಿಸಿದರು. ಅಳಿಯನೂ ಎದ್ದು ಬಂದ. ಮಳೆ ಬಂದು ನೀರು ಸಿಹಿಯಾಗುವ ಮೊದಲು ಕೊಯ್ಯಬೇಕು ಅಂದಾಗ, "ಅಡಿಕೆಗೆ ಮಳೆ ಮೊದಲು ಮದ್ದು ಬಿಡುವ ಹಾಗೆ" ಅಂದ. ಇಡೀ ದಿನದಲ್ಲಿ ಅವನು ಆಡಿದ ಉದ್ದದ ವಾಕ್ಯ ಅದು.

ನನ್ನ ವಾದ ಇಲ್ಲಿಂದಲೇ ಹುಟ್ಟಿದ್ದು. ಬೆಳೆದ ಮಕ್ಕಳಿಗೆ ಬೇಸರ ಬರುವುದು ವೈಫೈ ಇಲ್ಲದ್ದಕ್ಕಲ್ಲ, ಎಲ್ಲರೂ ಅತಿಥಿಗಳಾಗಿರುವ ಜಾಗದಲ್ಲಿ. ಅಲ್ಲಿ ಎಲ್ಲವೂ ಇವರನ್ನು ಸಂತೋಷಪಡಿಸಲಿಕ್ಕೆಂದೇ ಇದೆ, ಆದ್ದರಿಂದ ಯಾವುದೂ ನಿಜ ಅಲ್ಲ. ಯಾವ ಹಡಗಿಗೆ ನಮ್ಮನ್ನು ಬಿಟ್ಟೂ ಬೇರೆ ಕೆಲಸ ಉಂಟೋ ಆ ಹಡಗು ನೋಡಬೇಕು.

ಅಂಥದ್ದೊಂದು ನಮ್ಮ ಕಡಲಿನಲ್ಲೇ ಉಂಟು. ಲಕ್ಷದ್ವೀಪ ಆಡಳಿತದ 'ಸಮುದ್ರಂ' ಪ್ರವಾಸ. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗು, ಐದು ದಿನ, ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಸುಮಾರು 700 ಜನರ ಹಡಗಿನಲ್ಲಿ ಪ್ರವಾಸಿಗಳಿಗೆ 150ರಷ್ಟು ಜಾಗ. ಉಳಿದ ಜಾಗ ಯಾರಿಗೆ ಎಂಬುದರಲ್ಲೇ ಎಲ್ಲ ಉಂಟು. 2011ರ ಜನಗಣತಿಯಂತೆ 64,473 ಜನ ಇರುವ ದ್ವೀಪಗಳಿಗೆ ಈ ಹಡಗುಗಳೇ ಕೆಎಸ್ಸಾರ್ಟಿಸಿ ಬಸ್ಸು. ಆಸ್ಪತ್ರೆಗೆ ಹೋಗಿ ಬರುವವರು, ಮದುವೆ ಸಾಮಾನು ತರುವವರು, ಕೇರಳದ ಹಾಸ್ಟೆಲಿನಲ್ಲಿ ಓದಿ ರಜೆಗೆ ಮನೆಗೆ ಹೊರಟ ಮಕ್ಕಳು. ಕಡಬದಿಂದ ಮಂಗಳೂರಿಗೆ ಹಾಸ್ಟೆಲಿಗೆ ಹೊರಟವನು ಆ ಮಕ್ಕಳ ಪಕ್ಕ ಡೆಕ್ಕಿನಲ್ಲಿ ನಿಲ್ಲುವುದುಂಟಲ್ಲ, ಅದನ್ನು ಯಾವ ಕ್ರೂಸ್ ಕಂಪನಿಯ 'ಟೀನ್ ಕ್ಲಬ್ಬೂ' ಕೊಡಲಾರದು.

ನಮ್ಮ ಜಿಲ್ಲೆಗೆ ಇನ್ನೊಂದು ನಂಟೂ ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳು 1956ರವರೆಗೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಪುತ್ತೂರಿಗೂ ಆ ದ್ವೀಪಗಳಿಗೂ ಒಬ್ಬರೇ ಕಲೆಕ್ಟರು! ಮಂಗಳೂರಿನ ಹಳೆ ಬಂದರಿನಿಂದ ಈಗಲೂ ದ್ವೀಪಗಳಿಗೆ ಸಾಮಾನು ಹೋಗ್ತದೆ. ಮಕ್ಕಳ ಪಠ್ಯದಲ್ಲಿ ಇದು ಒಂದು ಸಾಲೂ ಇರಲಿಕ್ಕಿಲ್ಲ. ಹೊರಡುವ ಮೊದಲು ಅವರಿಗೆ ಹೇಳಬೇಕಾದ ಕಥೆ ಇದು.

ಇದರಲ್ಲೂ ಕೊರತೆ ಇಲ್ಲವೆಂದಲ್ಲ. ಸರಕಾರಿ ಹಡಗು, ಸರಕಾರಿ ಊಟ. ಪ್ರವೇಶ ಪರವಾನಗಿಗೆ ಮೊದಲೇ ಅರ್ಜಿ ಹಾಕಬೇಕು. ಹಡಗಿನ ದಿನ ಬದಲಾದರೆ ನಮ್ಮ ರಜೆಯೂ ಬದಲಾಗಬೇಕು, ಯಾಕೆಂದರೆ ಅದು ನಮಗಾಗಿ ಓಡುವುದಲ್ಲ. ಮೂರು ದ್ವೀಪದಲ್ಲೂ ಗುಂಪಿನಲ್ಲೇ ತಿರುಗಾಟ. ಬಂಗಾರಂ ಬಿಟ್ಟರೆ ದ್ವೀಪಗಳಲ್ಲಿ ಪಾನನಿಷೇಧ, ಹಾಗಾಗಿ ಕೆಲವು ಭಾವಂದಿರ ಮುಖ ಸಣ್ಣದಾದೀತು. ಹವಳದ ದಂಡೆಯಿಂದಾಗಿ ದೊಡ್ಡ ಹಡಗು ಹೊರಗೇ ನಿಂತು, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕಾಗ್ತದೆ. ಅಮ್ಮಂದಿರಿಗೆ ಅದು ಎದೆ ಡವಡವ, ಮಕ್ಕಳಿಗೆ ಅದೇ ಪ್ರವಾಸ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಉಂಟು, ಮಲಯಾಳಂ ಅಲ್ಲದ ಮಹಲ್ ಭಾಷೆ ಉಂಟು. ತುಳು, ಅರೆಭಾಷೆ, ಹವ್ಯಕ ಕನ್ನಡ ಎಲ್ಲ ಕಿವಿಗೆ ಬೀಳುವ ಊರಿನ ಮಕ್ಕಳಿಗೆ ಒಂದೇ ದ್ವೀಪಕ್ಕೆ ಒಂದು ಭಾಷೆ ಎಂಬುದು ಹೊಸ ಲೆಕ್ಕ.

ದೋಣಿಯ ಹೆದರಿಕೆಯನ್ನು ನಗಾಡಿ ತಳ್ಳಬಾರದು. ನಮ್ಮ ಹಿರಿಯರಿಗೆ ದೋಣಿ ಅಂದರೆ ಮಜಾ ಆಗಿರಲಿಲ್ಲ. ತುಂಬಿದ ಹೊಳೆ, ತಪ್ಪಿದ ಶಾಲೆ, ದಾಟಿಸಲಾಗದ ರೋಗಿ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ್ದು, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದದ್ದು ಇದೇ ಕಷ್ಟದಿಂದ. ಈಗಿನ ಮಕ್ಕಳಿಗೆ ಸೇತುವೆ ಗೊತ್ತು, ದೋಣಿ ಗೊತ್ತಿಲ್ಲ, ಹಲವರಿಗೆ ಈಜೂ ಬರುವುದಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು, ಮಿತಿ ಮೀರಿ ಜನ ಹತ್ತಿಸಿದ್ದು, ಕತ್ತಲಾದ ಮೇಲೆ ಹೊರಟದ್ದು. ಹಾಗಾಗಿ ಹೌಸ್‌ಬೋಟೇ ಇರಲಿ, ಅರ್ಧ ಗಂಟೆಯ ದೋಣಿಯೇ ಇರಲಿ, ನೋಂದಣಿ ಸಂಖ್ಯೆ ಎಲ್ಲಿ, ಎಷ್ಟು ಜನರ ಮಿತಿ, ಲೈಫ್ ಜಾಕೆಟ್ ಎಷ್ಟು ಎಂದು ಕೇಳಿಯೇ ಹತ್ತಬೇಕು. ಈ ಮೂರು ಪ್ರಶ್ನೆ ಕೇಳುವ ಕೆಲಸವನ್ನು ಮನೆಯ ಹದಿನಾರರವನಿಗೇ ಕೊಡಿ. 'ಮಿತಿ ದಾಟಿದೆ, ಹತ್ತುವುದು ಬೇಡ' ಅಂತ ಅವನು ಹೇಳಿದರೆ, ಕೊಟ್ಟ ಮುಂಗಡ ಹೋದರೂ ಸರಿ, ಹತ್ತಬೇಡಿ.

ಅಕ್ಕನಿಗೆ ನಾನು ಹೇಳಿದ್ದಿಷ್ಟು. ಸಿಕ್ಕಿದರೆ ಸಮುದ್ರಂ, ಮೇ ನಡುವಿನ ಒಳಗೆ, ಕಡಲು ಏಳುವ ಮೊದಲು. ಸಿಗದಿದ್ದರೆ ಹಿನ್ನೀರಿನ ದಡದಲ್ಲಿ ಒಂದು ಹೋಂಸ್ಟೇ, ಹಗಲು ಮಾತ್ರ ಹುಟ್ಟು ಹಾಕುವ ದೋಣಿ, ರಾತ್ರಿ ಮಕ್ಕಳಿಗೆ ಬೇರೆ ಕೋಣೆ. ಮುಂಬೈಯ ದೊಡ್ಡ ಹಡಗು ಎಲ್ಲಿಗೂ ಹೋಗುವುದಿಲ್ಲ, ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ ಅದಕ್ಕೂ ಒಂದು ಕಾಲ ಬರ್ತದೆ. ಈಗ ಬೇಕಾದದ್ದು ಮಗನನ್ನು ರಂಜಿಸುವ ಹಡಗಲ್ಲ. ಮನೆ ಬಿಟ್ಟು ಹೊರಟವರು ಹೇಗೆ ಹೋಗಿ ಹೇಗೆ ಬರ್ತಾರೆ ಅಂತ ಅವನೂ ಅಕ್ಕನೂ ಒಟ್ಟಿಗೆ ನಿಂತು ನೋಡಬಹುದಾದ ಹಡಗು.