ಹಿಮನಾಡಿನ ಮೇವು, ಮಸಾರಿ ನೆಲದ ಪ್ರಶ್ನೆ

ಉತ್ತರ ಧ್ರುವಪ್ರದೇಶದ ಸಸ್ಯಗಳಿಗೂ ಅವನ್ನು ಮೇಯುವ ಪ್ರಾಣಿಗಳಿಗೂ ಇರುವ ಸಂಬಂಧದ ಸಂಶೋಧನೆ ಸೈದಾಪುರದ ವಿದ್ಯಾರ್ಥಿಗೆ ಏತಕ್ಕೆ ಬೇಕೆಂಬ ಪ್ರಶ್ನೆ ಸಹಜವಾದುದೇ. ಆ ಸಂಶೋಧನೆಯ ಸಾರವನ್ನೂ ಮಿತಿಯನ್ನೂ ತೂಗಿನೋಡುವುದು ಪ್ರಕೃತ ಲೇಖನದ ಉದ್ದೇಶ.

ಪಶ್ಚಿಮ ಗ್ರೀನ್‌ಲೆಂಡನ್ನು ಕುರಿತು ಎರಿಕ್ ಪೋಸ್ಟ್ ಮತ್ತು ಮ್ಯಾಡ್ಸ್ ಫೋರ್ಕ್‌ಹ್ಯಾಮರ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಸರಾದುದು. ಉಷ್ಣತೆ ಏರಿದಂತೆ ಅಲ್ಲಿನ ಸಸ್ಯಗಳು ಮೊದಲಿಗಿಂತ ಬೇಗ ಚಿಗುರಿದವು. ಕ್ಯಾರಿಬೂ ಎಂಬ ಹಿಮಸಾರಂಗಗಳು ಈಯುವ ಕಾಲವಾದರೋ ಅಷ್ಟು ಮುಂದಾಗಲಿಲ್ಲ. ಹೊಂದಿಕೆ ತಪ್ಪಿದ ವರ್ಷಗಳಲ್ಲಿ ಮರಿಗಳ ಹುಟ್ಟು ಕುಗ್ಗಿ ಸಾವು ಹೆಚ್ಚಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಂತ ಬಾಗ್ಚಿ ಮತ್ತು ಸಂಗಡಿಗರು ಧ್ರುವಕ್ಕೆ ಹೋಗದೆ, ಅದರಂತೆಯೇ ಶೀತಲವಾದ ಸ್ಪಿತಿಯ ಹುಲ್ಲುಗಾವಲನ್ನು ಆರಿಸಿಕೊಂಡರು. 16 ವರ್ಷಗಳ ವೀಕ್ಷಣೆಯನ್ನು ಆಧರಿಸಿದ ಅವರ 2022ರ ಲೇಖನದ ಪ್ರಕಾರ, ಪ್ರಾಣಿಗಳು ಮೇಯದಂತೆ ಬೇಲಿ ಹಾಕಿದ ನೆಲದಲ್ಲಿಯೇ ಮಣ್ಣಿನ ಇಂಗಾಲದ ಏರಿಳಿತ ಶೇಕಡಾ 30ರಿಂದ 40ರಷ್ಟು ಅಧಿಕ. ಮೇಯುವುದೆಲ್ಲವೂ ನೆಲದ ನಾಶವೆಂಬ ರೂಢಿಯ ಮಾತಿಗೆ ಇದು ತಕ್ಕ ಉತ್ತರ. ಆದರೆ ಸಾಕುಪ್ರಾಣಿಗಳು ವನ್ಯಮೃಗಗಳ ಸ್ಥಾನವನ್ನು ಸಂಪೂರ್ಣವಾಗಿ ತುಂಬಲಾರವೆಂದೂ ಅದೇ ತಂಡದ ಮುಂದಿನ ಕೆಲಸ ತೋರಿಸಿದೆ. ಮೊದಲ ಫಲಿತಾಂಶವನ್ನು ಹಿಡಿದು ಎರಡನೆಯದನ್ನು ಬಿಡುವುದು ವಿದ್ವತ್ತಿಗೆ ಸಲ್ಲದು.

ಇವೆರಡರಲ್ಲಿಯೂ ನಾವು ಕಾಣುವ ಕೊರತೆ ಒಂದುಂಟು. ಸಸ್ಯ ಮತ್ತು ಪ್ರಾಣಿ ಎಂಬ ಎರಡೇ ಪಾತ್ರಗಳ ಈ ಕಥನದಲ್ಲಿ ಕುರುಬನಿಗೆ ಎಡೆಯಿಲ್ಲ. ಧ್ರುವದಲ್ಲಿ ಚಿಗುರನ್ನು ಕರೆಯುವುದು ಬಿಸಿಲು. ಯಾದಗಿರಿಯ ಮಸಾರಿ ನೆಲದಲ್ಲಿ ಮುಂಗಾರು. ಕ್ಯಾರಿಬೂವನ್ನು ನಡೆಸುವವರಿಲ್ಲ, ಇಲ್ಲಿಯ ಮಂದೆಯನ್ನಾದರೋ ಮಳೆ ಬಿದ್ದ ಕಡೆಗೆ ನಡೆಸುವವನಿದ್ದಾನೆ. ಮೇವಿಗೂ ಮರಿಗೂ ತಪ್ಪಿದ ಹೊಂದಿಕೆಯನ್ನು ಅವನ ನಡಿಗೆ ಸರಿಪಡಿಸಬಲ್ಲದು, ದಾರಿ ತೆರೆದಿದ್ದರೆ. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರಗಳ ಬಯಲುಗಳಲ್ಲಿ ಭತ್ತ ಬೆಳೆಯಿತು. ಅನ್ನ ಹೆಚ್ಚಿತು, ಕುರಿಗಳ ಹಾದಿ ಕಿರಿದಾಯಿತು. ಹೀಗಿರಲು ಹವಾಮಾನದ ಹೊಡೆತವನ್ನೂ ಭೂಬಳಕೆಯ ಹೊಡೆತವನ್ನೂ ಬೇರ್ಪಡಿಸಿ ಅಳೆಯದೆ ದೋಷವನ್ನು ಕುರಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಧ್ರುವದ ತೀರ್ಮಾನವನ್ನಲ್ಲ, ಅಲ್ಲಿಯ ತಾಳ್ಮೆಯನ್ನು ಎರವಲು ತರಲಿ. ಒಂದು ಗೋಮಾಳದ ಮೂಲೆಗೆ ಬೇಲಿ, ಒಂದು ಮಳೆಮಾಪಕ, ಮಂದೆಯೊಂದರ ಈಯುವ ತಿಂಗಳುಗಳ ದಾಖಲೆ: ಇಷ್ಟು ಸಾಧನಗಳು ಸಾಕು. ಆ ಬೇಲಿಯನ್ನು ಹಾಕುವ ಮುನ್ನ ಅಲ್ಲಿ ಮೇಯಿಸುವವರ ಒಪ್ಪಿಗೆ ಪಡೆಯುವುದು ಸೌಜನ್ಯ ಮಾತ್ರವಲ್ಲ, ಸಂಶೋಧನಾವಿಧಾನದ ಮೊದಲ ಹೆಜ್ಜೆಯೂ ಅಹುದೆಂದು ನಾವು ಭಾವಿಸುತ್ತೇವೆ.