ಬಾಂಬುಗಳ ನಡುವಿನ ರಂಗಮಂದಿರ: ‘ಟುನೈಟ್ ಅಂಡ್ ಎವೆರಿ ನೈಟ್’ ಚಿತ್ರದ ಒಂದು ವಿವೇಚನೆ

ಎರಡನೆಯ ಮಹಾಯುದ್ಧದ ಕಾಲದ ಸಂಗೀತಪ್ರಧಾನ ಚಲನಚಿತ್ರಗಳನ್ನು ಕೇವಲ ಮನರಂಜನೆಯ ಸರಕೆಂದು ಬದಿಗಿರಿಸುವುದು ವಾಡಿಕೆ. ವಿಕ್ಟರ್ ಸ್ಯಾವಿಲ್ ನಿರ್ದೇಶನದಲ್ಲಿ ಕೊಲಂಬಿಯಾ ಸಂಸ್ಥೆ 1945ರಲ್ಲಿ ತೆರೆಗೆ ತಂದ ‘ಟುನೈಟ್ ಅಂಡ್ ಎವೆರಿ ನೈಟ್’ ಈ ವಾಡಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಲೆಸ್ಲಿ ಸ್ಟಾರ್ಮ್ ಅವರ ‘ಹಾರ್ಟ್ ಆಫ್ ಎ ಸಿಟಿ’ ನಾಟಕ ಇದರ ಆಕರ. ನಾಟಕದ ಹಿನ್ನೆಲೆಯಲ್ಲಿರುವುದು ಲಂಡನ್ನಿನ ವಿಂಡ್‌ಮಿಲ್ ರಂಗಮಂದಿರ. 1940ರ ಸೆಪ್ಟೆಂಬರ್ 7ರಿಂದ 1941ರ ಮೇ ತಿಂಗಳವರೆಗೆ ಜರ್ಮನ್ ವಿಮಾನಗಳು ನಡೆಸಿದ ದಾಳಿಯ ಅವಧಿಯಲ್ಲಿಯೂ ಅಲ್ಲಿನ ಪ್ರದರ್ಶನಗಳು ಮುಂದುವರಿದುವು.

ಚಿತ್ರವು ಈ ಚರಿತ್ರೆಯನ್ನು ಸ್ವೀಕರಿಸಿದ ಕ್ರಮದಲ್ಲಿಯೇ ಅದರ ಸಮಸ್ಯೆಯೂ ಅಡಗಿದೆ. ಲಾರಾ ಹೆಂಡರ್ಸನ್ ಒಡೆತನದ ವಿಂಡ್‌ಮಿಲ್ ಖ್ಯಾತವಾದದ್ದು ವಿವಿಯನ್ ವ್ಯಾನ್ ಡ್ಯಾಮ್ ರೂಪಿಸಿದ, ವಿವಸ್ತ್ರ ಯುವತಿಯರು ಪ್ರತಿಮೆಗಳಂತೆ ನಿಲ್ಲುವ ಸ್ತಬ್ಧದೃಶ್ಯಗಳಿಂದ. ಅವರು ಅಲುಗಾಡಕೂಡದೆಂಬುದು ಅಂದಿನ ರಂಗನಿಯಂತ್ರಣಾಧಿಕಾರಿಯ ನಿಬಂಧನೆ. ಹಾಲಿವುಡ್ ಈ ಅಂಶವನ್ನು ಕೈಬಿಟ್ಟು, ‘ಮ್ಯೂಸಿಕ್ ಬಾಕ್ಸ್’ ಎಂಬ ಕಲ್ಪಿತ ರಂಗಮಂದಿರವನ್ನು ಕಟ್ಟಿತು. ಪರಿಣಾಮವಾಗಿ ದೇಹದ ವ್ಯಾಪಾರ ಮರೆಯಾಗಿ ಕರ್ತವ್ಯನಿಷ್ಠೆಯೊಂದೇ ಉಳಿಯಿತು. ಸ್ಟೀಫನ್ ಫ್ರಿಯರ್ಸ್ ಅವರ 2005ರ ‘ಮಿಸೆಸ್ ಹೆಂಡರ್ಸನ್ ಪ್ರೆಸೆಂಟ್ಸ್’ ಈ ಮರೆಯನ್ನು ಸರಿಸಿತು.

ಆದರೂ ಚಿತ್ರದ ಸತ್ತ್ವವನ್ನು ನಿರಾಕರಿಸಲಾಗದು. ಟಾಮಿಯ ಪಾತ್ರದಲ್ಲಿ ಮಾರ್ಕ್ ಪ್ಲಾಟ್, ರೇಡಿಯೋದಲ್ಲಿ ಬದಲಾಗುತ್ತ ಹೋಗುವ ಧ್ವನಿಗಳಿಗೆಲ್ಲ ಹೆಜ್ಜೆ ಹಾಕುವ ದೃಶ್ಯ ಇದಕ್ಕೆ ನಿದರ್ಶನ. ಹಿಟ್ಲರನ ಭಾಷಣವೂ ಅಲ್ಲಿ ನೃತ್ಯಕ್ಕೆ ವಸ್ತುವಾಗುತ್ತದೆ; ಭಯ ಹುಟ್ಟಿಸುವ ಧ್ವನಿಯನ್ನು ಕಲಾವಿದನ ದೇಹ ವಿಡಂಬನೆಯಾಗಿ ಮಾರ್ಪಡಿಸುತ್ತದೆ. ರೀಟಾ ಹೇವರ್ತ್ ಅಭಿನಯಿಸಿದ ರೋಸಲಿಂಡ್ ಹಾಗೂ ವಾಯುಪಡೆಯ ಪೈಲಟ್ ಪಾಲ್ ಇವರ ಪ್ರಣಯಕಥೆ ಇದರೆದುರು ಸಾಧಾರಣವಾಗಿ ತೋರುತ್ತದೆ.

ಕೃತಿಯ ನಿಜವಾದ ಪರೀಕ್ಷೆ ಅಂತ್ಯದಲ್ಲಿದೆ. ಜೂಡಿ ಮತ್ತು ಟಾಮಿ ಬಾಂಬಿಗೆ ಬಲಿಯಾಗುತ್ತಾರೆ. ಗೆಳತಿ ಹಾಡಬೇಕಾಗಿದ್ದ ಹಾಡನ್ನು ರೋಸಲಿಂಡ್ ಹಾಡುತ್ತಾಳೆ. ಸಾವು ರಂಗದ ಹೊರಗೆ ಸಂಭವಿಸುವುದರಿಂದ ವೇದಿಕೆಯ ಬೆಳಕು ಅಬಾಧಿತವಾಗಿ ಉಳಿಯುತ್ತದೆ. ಇದು ಧೈರ್ಯದ ಸ್ತುತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರದರ್ಶನ ನಿಲ್ಲಬಾರದೆಂಬ ನಿಯಮಕ್ಕೆ ಕಲಾವಿದೆಯೊಬ್ಬಳ ಸ್ಥಾನವನ್ನು ಮತ್ತೊಬ್ಬಳು ತುಂಬಿದರೆ ಸಾಕಾಗುತ್ತದೆ; ಶೋಕಿಸಲು ಅದು ಬಿಡುವು ನೀಡುವುದಿಲ್ಲ. ಯುದ್ಧ ಇನ್ನೂ ಮುಗಿದಿರದ ದಿನಗಳಲ್ಲಿ ತೆರೆಕಂಡ ಚಿತ್ರ ಈ ಕ್ರೌರ್ಯವನ್ನು ಪ್ರಶ್ನಿಸಲಿಲ್ಲ. ಆದರೆ ಜೂಡಿಯ ಹಾಡನ್ನು ಬೇರೊಂದು ಕಂಠದಲ್ಲಿ ಕೇಳಿಸಿ, ಪ್ರೇಕ್ಷಕನು ಅದನ್ನು ಮರೆಯದಂತೆ ಮಾಡಿತು. ಅದರ ಮೌಲ್ಯವನ್ನು ಗುರುತಿಸಬೇಕಾದುದು ಇಲ್ಲಿಯೇ.